ರಾಯ್‌ಬರೇಲಿಯಿಂದ ಚಿಕ್ಕಮಗಳೂರಿಗೆ: ಇಂದಿರಾ ಗಾಂಧಿಯವರ ಬದುಕು

ನಮ್ಮ ಊರಿನ ಕಡೆ ಹಿರಿಯರ ಮುಂದೆ ಇಂದಿರಾ ಗಾಂಧಿಯವರ ಹೆಸರು ಎತ್ತಿದರೆ ಎರಡು ವಿಷಯ ಬಂದೇ ಬರುತ್ತದೆ. ಒಂದು ಭೂಮಸೂದೆ, ಇನ್ನೊಂದು ತುರ್ತುಪರಿಸ್ಥಿತಿ. ಗೇಣಿಗೆ ಮಾಡುತ್ತಿದ್ದ ಗದ್ದೆ, ತೋಟ ಸ್ವಂತದ್ದಾದ ಮನೆಗಳಲ್ಲಿ ಒಂದು ಬಗೆಯ ನೆನಪು; ಗೇಣಿ ಬರುತ್ತಿದ್ದ ಭೂಮಿ ಕೈಬಿಟ್ಟ ಮನೆಗಳಲ್ಲಿ, ಆ ಇಪ್ಪತ್ತೊಂದು ತಿಂಗಳು ಜೈಲು ಕಂಡವರ ಮನೆಗಳಲ್ಲಿ ಇನ್ನೊಂದು ಬಗೆಯ ನೆನಪು. ಇವೆರಡರ ನಡುವೆ ಮೂರನೆಯ ಸಂಗತಿಯೊಂದು ಮರೆಗೆ ಸರಿದಿದೆ. ಪ್ರಧಾನಿ ಪಟ್ಟವನ್ನೂ ತಮ್ಮ ಕ್ಷೇತ್ರವನ್ನೂ ಒಟ್ಟಿಗೆ ಕಳೆದುಕೊಂಡ ಇಂದಿರಾ ಮತ್ತೆ ಲೋಕಸಭೆಗೆ ಹೋಗಲು ಮತ ಕೇಳಿದ್ದು ದೆಹಲಿಯ ಸುತ್ತಮುತ್ತ ಅಲ್ಲ, ನಮ್ಮ ನೆರೆಯ ಬೆಳ್ತಂಗಡಿ, ಕಾರ್ಕಳದಲ್ಲಿ ಮತ್ತು ಘಟ್ಟದ ಮೇಲಿನ ಕಾಫಿ ಸೀಮೆಯಲ್ಲಿ. ಒಂದು ಕಡೆ ಕುದುರೆಮುಖದ ಗಣಿ, ಇನ್ನೊಂದು ಕಡೆ ಕಡೂರಿನ ಬಯಲು. ಅಷ್ಟು ವಿಸ್ತಾರವಾದ ಹಳ್ಳಿಗಾಡಿನ ಕ್ಷೇತ್ರ ಅವರ ರಾಜಕೀಯಕ್ಕೆ ಮರುಜೀವ ಕೊಟ್ಟಿತು. ಆ ದೃಷ್ಟಿಯಿಂದ ಅವರ ಬದುಕನ್ನು ನಮ್ಮ ಶಾಲೆಯ ಸುವರ್ಣ ಸಂಚಿಕೆಯ ಓದುಗರ ಮುಂದಿಡುವ ಪ್ರಯತ್ನ ಇದು.

ಬಾಲ್ಯ ಮತ್ತು ಮನೆತನ

ಇಂದಿರಾ ಹುಟ್ಟಿದ್ದು 1917ರ ನವೆಂಬರ್ 19ರಂದು, ಅಲಹಾಬಾದಿನಲ್ಲಿ. ಅಜ್ಜ ಮೋತಿಲಾಲ್ ನೆಹರೂ ಹೆಸರಾಂತ ವಕೀಲರು. ತಂದೆ ಜವಾಹರಲಾಲ್, ತಾಯಿ ಕಮಲಾ. ಮನೆ ದೊಡ್ಡದು, ಸಂಪತ್ತು ಬೇಕಾದಷ್ಟು. ಆದರೆ ಮನೆಯವರು ಒಂದು ಕಡೆ ನಿಂತದ್ದು ಕಡಿಮೆ. ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಅಜ್ಜ, ಅಪ್ಪ, ಅಮ್ಮ ಒಬ್ಬರಾದ ಮೇಲೊಬ್ಬರು ಜೈಲಿಗೆ ಹೋಗುತ್ತಿದ್ದರು. ಪೊಲೀಸರು ಬಂದು ದಂಡದ ಬಾಬ್ತು ಮನೆಯ ಸಾಮಾನು ಒಯ್ಯುವುದನ್ನು ನೋಡುತ್ತಾ ಬೆಳೆದ ಹುಡುಗಿ ಆಕೆ. 1930ರ ಸುಮಾರಿಗೆ ಮಕ್ಕಳನ್ನು ಕೂಡಿಸಿ ವಾನರ ಸೇನೆ ಎಂಬ ಗುಂಪು ಕಟ್ಟಿ, ದೊಡ್ಡವರಿಗೆ ಸುದ್ದಿ ಮುಟ್ಟಿಸುವ, ಬಾವುಟ ಹೊಲಿಯುವ ಕೆಲಸ ಮಾಡಿದ್ದುಂಟು.

ಜೈಲಿನಿಂದ ತಂದೆ ಬರೆದ ಪತ್ರಗಳೇ ಅವರಿಗೆ ಚರಿತ್ರೆಯ ಪಾಠವಾದವು. ಶಾಲೆಗಳು ಮಾತ್ರ ಬದಲಾಗುತ್ತಲೇ ಇದ್ದವು. 1934ರಲ್ಲಿ ಶಾಂತಿನಿಕೇತನ ಸೇರಿದರೂ ಅಲ್ಲಿ ನೆಲೆ ನಿಲ್ಲಲು ಸಾಧ್ಯವಾಗಲಿಲ್ಲ, ತಾಯಿಗೆ ಕ್ಷಯರೋಗ ಉಲ್ಬಣಿಸಿತ್ತು. 1936ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕಮಲಾ ತೀರಿಕೊಂಡರು. ಇಂದಿರಾಗೆ ಆಗ ಹದಿನೆಂಟು ವರ್ಷ. ಮುಂದೆ ಆಕ್ಸ್‌ಫರ್ಡಿಗೆ ಸೇರಿದರೂ ಆರೋಗ್ಯ ಕೈಕೊಟ್ಟು, ಯುದ್ಧ ಶುರುವಾಗಿ, ಪದವಿ ಪಡೆಯದೆಯೇ ಊರಿಗೆ ಮರಳಿದರು. 1942ರ ಮಾರ್ಚ್‌ನಲ್ಲಿ ಫಿರೋಜ್ ಗಾಂಧಿಯವರೊಂದಿಗೆ ಮದುವೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗಂಡ ಹೆಂಡತಿ ಇಬ್ಬರೂ ಬಂಧನಕ್ಕೊಳಗಾದರು. ಇಂದಿರಾ ಸುಮಾರು ಎಂಟು ತಿಂಗಳು ನೈನಿ ಜೈಲಿನಲ್ಲಿದ್ದರು. 1944ರಲ್ಲಿ ರಾಜೀವ್, 1946ರಲ್ಲಿ ಸಂಜಯ್ ಹುಟ್ಟಿದರು.

ದೇಶ ಸ್ವತಂತ್ರವಾದ ಮೇಲೆ ಹೆಂಡತಿಯಿಲ್ಲದ ತಂದೆಯ ಮನೆ ನೋಡಿಕೊಳ್ಳುವ ಹೊಣೆ ಅವರ ಮೇಲೆ ಬಿತ್ತು. ಪ್ರಧಾನಿಯ ಮನೆಗೆ ಬರುವ ಅತಿಥಿಗಳ ಸತ್ಕಾರ, ತಂದೆಯೊಂದಿಗೆ ದೇಶವಿದೇಶಗಳ ತಿರುಗಾಟ. ಅತ್ತ ಫಿರೋಜ್ ಮೊದಲ ಮಹಾ ಚುನಾವಣೆಯಲ್ಲಿ ರಾಯ್‌ಬರೇಲಿ ಕಡೆಯಿಂದ ಗೆದ್ದು, ಸ್ವಂತ ಪಕ್ಷದ ಸರಕಾರದ ತಪ್ಪುಗಳನ್ನು ಲೋಕಸಭೆಯಲ್ಲಿ ಎತ್ತಿ ಹೇಳುವ ಸದಸ್ಯರೆಂದು ಹೆಸರಾದರು. ಇಂದಿರಾ 1959ರಲ್ಲಿ ಕಾಂಗ್ರೆಸ್ ಅಧ್ಯಕ್ಷೆಯಾದರು. ಮರುವರ್ಷ ಫಿರೋಜ್ ತೀರಿಕೊಂಡರು. 1964ರ ಮೇ 27ರಂದು ತಂದೆಯೂ ಹೋದರು.

ದೆಹಲಿಯ ಗದ್ದುಗೆ, ಕರ್ನಾಟಕದ ನಂಟು

ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಸಂಪುಟದಲ್ಲಿ ಇಂದಿರಾ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದರು. 1966ರ ಜನವರಿಯಲ್ಲಿ ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡಾಗ ಪಕ್ಷದ ಹಿರಿಯರು ಇಂದಿರಾ ಅವರನ್ನು ಆರಿಸಿದರು. ಈಕೆ ನಮ್ಮ ಮಾತು ಕೇಳಿಕೊಂಡು ಇದ್ದಾರು ಎಂಬುದು ಅವರಲ್ಲಿ ಅನೇಕರ ಲೆಕ್ಕಾಚಾರ. ಆ ಲೆಕ್ಕ ಮೂರೇ ವರ್ಷಗಳಲ್ಲಿ ತಪ್ಪಿತು.

ತಪ್ಪಿದ ಜಾಗ ನಮ್ಮ ಬೆಂಗಳೂರು. 1969ರ ಜುಲೈಯಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಹಿರಿಯರಿಗೂ ಇಂದಿರಾಗೂ ಇದ್ದ ಬಿರುಕು ಬಯಲಾಯಿತು. ಆಗ ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ, ರಾಜ್ಯದ ಮುಖ್ಯಮಂತ್ರಿ ವೀರೇಂದ್ರ ಪಾಟೀಲ. ಅದೇ ತಿಂಗಳ 19ರಂದು ಇಂದಿರಾ ಹದಿನಾಲ್ಕು ಬ್ಯಾಂಕುಗಳನ್ನು ರಾಷ್ಟ್ರೀಕರಣಗೊಳಿಸಿದರು. ಅವುಗಳಲ್ಲಿ ಎರಡು, ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್, ನಮ್ಮ ಜಿಲ್ಲೆಯ ಮಣ್ಣಿನಲ್ಲಿ ಹುಟ್ಟಿದವು. 1980ರಲ್ಲಿ ಎರಡನೆಯ ಸುತ್ತಿನಲ್ಲಿ ಆರು ಬ್ಯಾಂಕುಗಳನ್ನು ತೆಗೆದುಕೊಂಡಾಗ ನಮ್ಮವೇ ಆದ ಕಾರ್ಪೊರೇಷನ್ ಬ್ಯಾಂಕ್, ವಿಜಯಾ ಬ್ಯಾಂಕ್ ಕೂಡ ಸೇರಿದವು. ಹಳ್ಳಿಯ ಕೃಷಿಕನಿಗೆ ಸಾಲ ಕೊಡುವುದು ಬ್ಯಾಂಕಿನ ಕರ್ತವ್ಯ ಎಂಬ ಮಾತಿಗೆ ಸರಕಾರದ ಬಲ ಬಂದದ್ದು ಹೀಗೆ.

1969ರ ನವೆಂಬರಿನಲ್ಲಿ ನಿಜಲಿಂಗಪ್ಪನವರು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು. ಕಾಂಗ್ರೆಸ್ ಎರಡಾಯಿತು. ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಜತೆ ಉಳಿದರು. ಇಂದಿರಾ ಕಡೆಗೆ ಬಂದವರಲ್ಲಿ ಹುಣಸೂರಿನ ಡಿ. ದೇವರಾಜ ಅರಸು ಪ್ರಮುಖರು. ಜೋಡೆತ್ತಿನ ಗುರುತು ಹೋಗಿ ಹಸು-ಕರು ಬಂತು. 1971ರ ಲೋಕಸಭಾ ಚುನಾವಣೆಯಲ್ಲಿ ಬಡತನ ತೊಲಗಿಸುವ ಮಾತನ್ನೇ ಮುಂದಿಟ್ಟು ಇಂದಿರಾ 352 ಸ್ಥಾನ ಗೆದ್ದರು. ನಮ್ಮ ರಾಜ್ಯದ 27 ಸ್ಥಾನಗಳೂ ಅವರಿಗೇ ಬಂದವು. ಅದೇ ವರ್ಷದ ಕೊನೆಗೆ ಬಾಂಗ್ಲಾದೇಶದ ಯುದ್ಧ ಗೆದ್ದ ಮೇಲಂತೂ ಅವರ ಕೀರ್ತಿ ಶಿಖರಕ್ಕೇರಿತು. 1972ರಲ್ಲಿ ಅರಸು ಮುಖ್ಯಮಂತ್ರಿಯಾದರು.

ಭೂಮಸೂದೆ

ನಮ್ಮ ಜಿಲ್ಲೆಗೆ ಇಂದಿರಾ ಹೆಸರು ಅಂಟಿಕೊಂಡದ್ದು ಇಲ್ಲಿಂದ. ಕಾನೂನು ಮಾಡಿದ್ದು ದೆಹಲಿಯಲ್ಲ, ಅರಸು ಸರಕಾರ. ಆದರೆ ಊರಿನ ಬಾಯಲ್ಲಿ ಅದು ಇಂದಿರಾ ಕೊಟ್ಟ ಭೂಮಿ ಎಂದೇ ಉಳಿಯಿತು. ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲ ಆ ದಿನದಿಂದ ಸರಕಾರಕ್ಕೆ ಸೇರಿತು, ಅದನ್ನು ಮಾಡುತ್ತಿದ್ದ ಒಕ್ಕಲು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟರೆ ಭೂನ್ಯಾಯ ಮಂಡಳಿ ವಿಚಾರಿಸಿ ಅವನಿಗೆ ಹಕ್ಕು ಕೊಡಬೇಕು. ನಮ್ಮಲ್ಲಿ ಇದಕ್ಕೆ ಡಿಕ್ಲರೇಷನ್ ಕೊಡುವುದು ಎನ್ನುತ್ತಿದ್ದರು. ಮಂಡಳಿಯ ಎದುರು ವಕೀಲರಿಗೆ ಪ್ರವೇಶವಿರಲಿಲ್ಲ. ಓದು ಬರಹ ಬಾರದ ಒಕ್ಕಲು ಅಧಿಕಾರಿಗಳ ಮುಂದೆ ತಾನೇ ನಿಂತು, ಇದು ನಾನು ಮಾಡುವ ಗದ್ದೆ ಎಂದು ಹೇಳಬೇಕಿತ್ತು.

ರಾಜ್ಯದಲ್ಲೇ ಗೇಣಿ ಪದ್ಧತಿ ಅತಿ ಹೆಚ್ಚು ಬೇರೂರಿದ್ದ ಕಡೆ ನಮ್ಮ ಕರಾವಳಿ. ಮೂಲಗೇಣಿ, ಚಾಲಗೇಣಿ ಎಂಬ ಬಗೆಗಳು. ಕೊಯಿಲಾದ ಕೂಡಲೇ ಮುಡಿ ಲೆಕ್ಕದಲ್ಲಿ ಧಣಿಯ ಮನೆಗೆ ಅಕ್ಕಿ. ಚಾಲಗೇಣಿಯವನನ್ನು ಯಾವಾಗ ಬೇಕಾದರೂ ಎಬ್ಬಿಸಬಹುದು ಎಂಬ ಹೆದರಿಕೆ. ಆ ಹೆದರಿಕೆ ಹೋದದ್ದು ಸಣ್ಣ ಸಂಗತಿಯಲ್ಲ. ಸ್ವಂತ ಭೂಮಿಯಾದ ಮೇಲೆ ಅಡಿಕೆ ನಟ್ಟರು, ಬಾವಿ ತೋಡಿದರು, ಬ್ಯಾಂಕಿನ ಸಾಲ ಸಿಕ್ಕಿತು, ಮಕ್ಕಳನ್ನು ಹೈಸ್ಕೂಲಿಗೆ ಕಳಿಸುವ ಧೈರ್ಯ ಬಂತು. ಸರಕಾರಿ ಪ್ರೌಢಶಾಲೆಗಳ ಬೆಂಚು ತುಂಬಿದ್ದರ ಹಿಂದೆ ಈ ಕಾನೂನಿನ ಪಾಲೂ ಇದೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಭೂಮಿ ಕಳೆದುಕೊಂಡವರೆಲ್ಲ ದೊಡ್ಡ ಗುತ್ತಿನ ಧಣಿಗಳಲ್ಲ. ಗೇಣಿಯ ಎರಡು ಮುಡಿ ಅಕ್ಕಿಯನ್ನೇ ನಂಬಿದ್ದ ವಿಧವೆಯರು, ದೇವಸ್ಥಾನದ ಪೂಜೆಯವರು, ಕೆಲಸಕ್ಕೆಂದು ಪರವೂರಿಗೆ ಹೋಗಿದ್ದ ಸಣ್ಣ ಹಿಡುವಳಿದಾರರು ಕೂಡ ಕಳೆದುಕೊಂಡರು. ಭೂಮಿಯನ್ನು ಗೇಣಿಗೆ ಹಿಡಿಯಲೂ ಗತಿಯಿಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ ಈ ಕಾನೂನಿನಿಂದ ಗದ್ದೆ ಬರಲಿಲ್ಲ. ಅವರಿಗೆ ಸಿಕ್ಕಿದ್ದು ಹೆಚ್ಚೆಂದರೆ ಮನೆ ಕಟ್ಟಿಕೊಂಡ ಅಡಿಸ್ಥಳ.

ತುರ್ತುಪರಿಸ್ಥಿತಿ

ಭೂಮಿ ಹಂಚುವ ಕೆಲಸ ಹೀಗೆ ನಡೆಯುತ್ತಿರುವಾಗಲೇ ದೆಹಲಿಯಲ್ಲಿ ಬೇರೆಯದೇ ನಡೆಯಿತು. 1971ರಲ್ಲಿ ಇಂದಿರಾ ರಾಯ್‌ಬರೇಲಿಯಲ್ಲಿ ರಾಜ್‌ನಾರಾಯಣ್ ಅವರನ್ನು ಒಂದು ಲಕ್ಷಕ್ಕೂ ಮಿಕ್ಕಿದ ಅಂತರದಿಂದ ಸೋಲಿಸಿದ್ದರು. ಸೋತವರು ಅಲಹಾಬಾದ್ ಹೈಕೋರ್ಟಿಗೆ ಹೋದರು. 1975ರ ಜೂನ್ 12ರಂದು ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಆ ಆಯ್ಕೆಯನ್ನು ರದ್ದು ಮಾಡಿದರು. ಸರಕಾರಿ ನೌಕರರನ್ನು ಚುನಾವಣಾ ಕೆಲಸಕ್ಕೆ ಬಳಸಿದ್ದು, ಭಾಷಣದ ವೇದಿಕೆ ಹಾಗೂ ವಿದ್ಯುತ್ತಿಗೆ ರಾಜ್ಯದ ಅಧಿಕಾರಿಗಳ ಸಹಾಯ ಪಡೆದದ್ದು ಸಾಬೀತಾಗಿತ್ತು. ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಸುಪ್ರೀಂ ಕೋರ್ಟು ಷರತ್ತಿನ ತಡೆಯಾಜ್ಞೆ ಕೊಟ್ಟಿತು. ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು.

ಪತ್ರಿಕೆಗಳಿಗೆ ಸೆನ್ಸಾರ್ ಬಂತು. ವಿಚಾರಣೆಯಿಲ್ಲದೆ ಜನರನ್ನು ಒಳಗೆ ಹಾಕಲಾಯಿತು. ಚುನಾವಣೆಯ ಕಾಯಿದೆಯನ್ನೇ ಹಿಂದಿನ ದಿನಾಂಕದಿಂದ ಅನ್ವಯವಾಗುವಂತೆ ಬದಲಿಸಿ, ಅವರ ಆಯ್ಕೆಯನ್ನು ಊರ್ಜಿತಗೊಳಿಸಲಾಯಿತು. 1976ರ ಮಾರ್ಚ್‌ನಲ್ಲಿ ಮುಗಿಯಬೇಕಿದ್ದ ಲೋಕಸಭೆಯ ಅವಧಿಯನ್ನು ಎರಡು ಸಲ ಮುಂದೂಡಲಾಯಿತು. ಚುನಾವಣೆಯಿಂದಲೇ ಬಂದ ಅಧಿಕಾರ ಚುನಾವಣೆಯನ್ನೇ ಕಾಯಲು ಹೇಳಿತು. ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಮುಂತಾದ ನಾಯಕರು ಬೆಂಗಳೂರಿನಲ್ಲೇ ಬಂಧಿತರಾಗಿ ಅಲ್ಲಿನ ಸೆರೆಮನೆಯಲ್ಲಿದ್ದರು. ಮಂಗಳೂರಿನ ಮಗ ಜಾರ್ಜ್ ಫರ್ನಾಂಡಿಸ್ ತಲೆಮರೆಸಿಕೊಂಡಾಗ ಪೊಲೀಸರು ಅವರ ತಮ್ಮ ಲಾರೆನ್ಸ್ ಅವರನ್ನು ಹಿಡಿದು ಚಿತ್ರಹಿಂಸೆ ಕೊಟ್ಟರು. ಸಂಸ್ಕಾರ ಚಿತ್ರದಲ್ಲಿ ನಟಿಸಿದ ಸ್ನೇಹಲತಾ ರೆಡ್ಡಿ ಅಸ್ತಮಾದಿಂದ ನರಳುತ್ತಾ ತಿಂಗಳುಗಟ್ಟಲೆ ಜೈಲಿನಲ್ಲಿದ್ದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಉತ್ತರ ಭಾರತದಲ್ಲಿ ಸಂಜಯ್ ಗಾಂಧಿಯವರ ಮುಂದಾಳತ್ವದಲ್ಲಿ ಬಲವಂತದ ಸಂತಾನಹರಣ ಚಿಕಿತ್ಸೆ ನಡೆಯಿತು, ಬಡವರ ಗುಡಿಸಲು ಕೆಡವಲಾಯಿತು.

1977ರ ಜನವರಿಯಲ್ಲಿ ಇಂದಿರಾ ತಾವಾಗಿಯೇ ಚುನಾವಣೆ ಘೋಷಿಸಿದರು. ಗೆಲ್ಲುತ್ತೇನೆಂಬ ನಂಬಿಕೆಯೋ, ಜನರ ಒಪ್ಪಿಗೆಯಿಲ್ಲದೆ ಆಳುವುದು ಅವರಿಗೇ ಸಾಕಾಗಿತ್ತೋ, ಚರಿತ್ರೆಕಾರರು ಈಗಲೂ ಚರ್ಚಿಸುತ್ತಾರೆ. ಮಾರ್ಚ್‌ನಲ್ಲಿ ಫಲಿತಾಂಶ ಬಂದಾಗ ರಾಯ್‌ಬರೇಲಿಯಲ್ಲಿ ಅದೇ ರಾಜ್‌ನಾರಾಯಣ್ ಅವರ ಎದುರು 55 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತಿದ್ದರು. ಭಾರತದಲ್ಲಿ ಅಧಿಕಾರದಲ್ಲಿದ್ದ ಪ್ರಧಾನಿಯೊಬ್ಬರು ಸ್ವಂತ ಕ್ಷೇತ್ರದಲ್ಲಿ ಸೋತದ್ದು ಅದೇ ಮೊದಲು.

ಆದರೆ ಉತ್ತರದಲ್ಲಿ ಕೊಚ್ಚಿಹೋದ ಕಾಂಗ್ರೆಸ್ಸು ಕರ್ನಾಟಕದ 28ರಲ್ಲಿ 26 ಸ್ಥಾನ ಗೆದ್ದಿತು. ಇಲ್ಲಿ ಗೆದ್ದ ಇಬ್ಬರೇ ಜನತಾ ಸದಸ್ಯರಲ್ಲಿ ಒಬ್ಬರು ಕಾರ್ಕಳ ತಾಲೂಕಿನ ಕೆ. ಎಸ್. ಹೆಗ್ಡೆ. 1973ರಲ್ಲಿ ಇಂದಿರಾ ಸರಕಾರ ಹಿರಿತನ ಕಡೆಗಣಿಸಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟ ಮೂವರು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಲ್ಲಿ ಅವರೊಬ್ಬರು. ಬೆಂಗಳೂರು ದಕ್ಷಿಣದಿಂದ ಗೆದ್ದ ಅವರು ಲೋಕಸಭೆಯ ಸ್ಪೀಕರ್ ಆದರು.

ಚಿಕ್ಕಮಗಳೂರು, 1978

ಸೋತ ಇಂದಿರಾ ಮನೆಯಲ್ಲಿ ಕೂರಲಿಲ್ಲ. 1977ರ ಆಗಸ್ಟ್‌ನಲ್ಲಿ ಬಿಹಾರದ ಬೆಲ್ಚಿ ಎಂಬ ಹಳ್ಳಿಗೆ, ಕೊಲೆಯಾದ ದಲಿತರ ಕುಟುಂಬಗಳನ್ನು ನೋಡಲು, ಕೆಸರಿನಲ್ಲಿ ಜೀಪು ಹೂತುಹೋದಾಗ ಆನೆ ಏರಿ ಹೋದರು. ಅಕ್ಟೋಬರಿನಲ್ಲಿ ಜನತಾ ಸರಕಾರ ಅವರನ್ನು ಬಂಧಿಸಿತು, ನ್ಯಾಯಾಲಯ ಮರುದಿನವೇ ಬಿಟ್ಟಿತು. 1978ರ ಜನವರಿಯಲ್ಲಿ ಕಾಂಗ್ರೆಸ್ ಮತ್ತೊಮ್ಮೆ ಒಡೆದು ಕಾಂಗ್ರೆಸ್ (ಐ) ಹುಟ್ಟಿತು. ಹಸು-ಕರುವಿನ ಬದಲು ಕೈ ಗುರುತು ಬಂತು. ಮರುತಿಂಗಳೇ ನಡೆದ ನಮ್ಮ ವಿಧಾನಸಭಾ ಚುನಾವಣೆಯಲ್ಲಿ ಆ ಹೊಸ ಗುರುತಿನ ಮೇಲೆ ಅರಸು 224ರಲ್ಲಿ 149 ಸ್ಥಾನ ಗೆದ್ದರು. ಇಂದಿರಾಗೆ ಲೋಕಸಭೆಗೆ ಬರಲು ಸುರಕ್ಷಿತ ಕ್ಷೇತ್ರ ಬೇಕಿತ್ತು. ಚಿಕ್ಕಮಗಳೂರಿನ ಸಂಸದ ಡಿ. ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಸ್ಥಾನ ತೆರವು ಮಾಡಿದರು.

ಸುಳ್ಯ ತಾಲೂಕಿನ ನಾವು ಆಗ ಕೊಡಗಿನವರೊಂದಿಗೆ ಮಂಗಳೂರು ಕ್ಷೇತ್ರದಲ್ಲಿದ್ದೆವು. ನಮ್ಮ ನೆರೆಯ ಬೆಳ್ತಂಗಡಿ ಮತ್ತು ಕಾರ್ಕಳ ಚಿಕ್ಕಮಗಳೂರು ಕ್ಷೇತ್ರಕ್ಕೆ ಸೇರಿದ್ದವು. ಘಟ್ಟದ ಕೆಳಗೆ ಭತ್ತದ ಗದ್ದೆ, ಅಡಿಕೆ ತೋಟ, ಬೀಡಿ ಕಟ್ಟುವ ಮನೆಗಳು. ಚಾರ್ಮಾಡಿ ಹತ್ತಿದರೆ ಮೂಡಿಗೆರೆ, ಶೃಂಗೇರಿ, ಚಿಕ್ಕಮಗಳೂರಿನ ಕಾಫಿ ತೋಟಗಳು, ಅಲ್ಲಿನ ಲೈನ್ ಮನೆಗಳಲ್ಲಿ ತುಳು, ತಮಿಳು, ಕನ್ನಡ ಮಾತನಾಡುವ ಕೂಲಿಯವರು. ಇನ್ನೂ ಆಚೆ ಹೋದರೆ ಕಡೂರು, ಬೀರೂರು, ತರೀಕೆರೆಯ ಕಡೆ ರಾಗಿ, ತೆಂಗು ಬೆಳೆಯುವ ಬಯಲು. ಒಂದು ತುದಿಯಲ್ಲಿ ಮಳೆ ಜಾಸ್ತಿಯಾಯಿತೆಂಬ ದೂರು, ಇನ್ನೊಂದು ತುದಿಯಲ್ಲಿ ಮಳೆ ಬರಲಿಲ್ಲವೆಂಬ ದೂರು.

ಗಣಿಗಳೂ ಎರಡು ಕಡೆ. ತರೀಕೆರೆ ಕಡೆಯ ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಹಿಂದಿನಿಂದಲೂ ಕಬ್ಬಿಣದ ಅದಿರು ಹೋಗುತ್ತಿತ್ತು. ಕುದುರೆಮುಖದ್ದು ಹೊಸತು, ದೊಡ್ಡದು. ಇಂದಿರಾ ಪ್ರಧಾನಿಯಾಗಿದ್ದಾಗಲೇ, 1975ರಲ್ಲಿ, ಇರಾನಿನ ಶಾ ಸರಕಾರದೊಂದಿಗೆ ಒಪ್ಪಂದವಾಗಿ, ಮರುವರ್ಷ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತ್ತು. ಇರಾನಿನ ಹಣ, ನಮ್ಮ ಗುಡ್ಡ. ವರ್ಷಕ್ಕೆ 75 ಲಕ್ಷ ಟನ್ ಸಂಸ್ಕರಿಸಿದ ಅದಿರನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ಒಯ್ಯುವ ಯೋಜನೆ. ಆ ನವಮಂಗಳೂರು ಬಂದರನ್ನು ಉದ್ಘಾಟಿಸಿದವರೂ ಇಂದಿರಾ ಅವರೇ, 1975ರ ಜನವರಿಯಲ್ಲಿ. ಉಪಚುನಾವಣೆಯ ಹೊತ್ತಿಗೆ ಕುದುರೆಮುಖದಲ್ಲಿ ಕಾಡು ಕಡಿದು ಊರು ಕಟ್ಟುವ, ಲಕ್ಯಾ ಹೊಳೆಗೆ ಅಣೆಕಟ್ಟು ಹಾಕುವ, ಕೊಳವೆ ಹೂಳುವ ಕೆಲಸ ಭರದಿಂದ ಸಾಗಿತ್ತು. ಸಾವಿರಾರು ಜನಕ್ಕೆ ಕೆಲಸ ಸಿಕ್ಕಿತ್ತು.

ಎದುರಾಳಿಯಾಗಿ ಜನತಾ ಪಕ್ಷ ನಿಲ್ಲಿಸಿದ್ದು ವೀರೇಂದ್ರ ಪಾಟೀಲರನ್ನು. ಗುಲ್ಬರ್ಗ ಜಿಲ್ಲೆಯ ಚಿಂಚೋಳಿಯವರು, ಹಿಂದೆ ಮುಖ್ಯಮಂತ್ರಿಯಾಗಿದ್ದವರು, ಕೈ ಶುದ್ಧ ಎಂದು ಹೆಸರಿದ್ದವರು. ಹೀಗಾಗಿ ಇಬ್ಬರು ಪ್ರಮುಖ ಅಭ್ಯರ್ಥಿಗಳೂ ಕ್ಷೇತ್ರಕ್ಕೆ ಹೊರಗಿನವರೇ. ಜನತಾ ಪಕ್ಷದ ಪ್ರಚಾರದ ಮುಂಚೂಣಿಯಲ್ಲಿ ಕೇಂದ್ರ ಮಂತ್ರಿ ಜಾರ್ಜ್ ಫರ್ನಾಂಡಿಸ್ ಇದ್ದರು. ತುಳುನಾಡಿನ ಮಾತು ಬಲ್ಲವರು, ತುರ್ತುಪರಿಸ್ಥಿತಿಯ ಗಾಯ ಮೈಮೇಲೆ ಹೊತ್ತವರು. ಇತ್ತ ಇಂದಿರಾ ಪರವಾಗಿ ಇಡೀ ಅರಸು ಸರಕಾರ, ಕಾರ್ಕಳದ ಶಾಸಕ ವೀರಪ್ಪ ಮೊಯಿಲಿ ಮೊದಲಾದವರು ಊರೂರು ಅಲೆದರು. ದೇಶವಿದೇಶದ ಪತ್ರಕರ್ತರು ಬಂದು ತುಂಬಿದರು.

ಇಂದಿರಾಗೆ ಕನ್ನಡವೂ ಬಾರದು, ತುಳುವೂ ಬಾರದು. ಘಟ್ಟದ ಕಿರಿದಾದ ರಸ್ತೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಾರಿನಲ್ಲಿ ತಿರುಗುತ್ತಾ, ಜನ ಸೇರಿದಲ್ಲೆಲ್ಲ ಇಳಿದು ಕೈಮುಗಿಯುತ್ತಾ ಹೋದರು. ಆಗ ಅವರಿಗೆ ಅರವತ್ತೊಂದು ತುಂಬುವುದರಲ್ಲಿತ್ತು. ಮಾತು ತಿಳಿಯದಿದ್ದರೂ ನೋಡಲು ಹೆಂಗಸರು ದೂರದೂರದಿಂದ ನಡೆದು ಬಂದರು.

ಜನತಾ ಪಕ್ಷದವರು ಕೇಳಿದ ಪ್ರಶ್ನೆ ಸರಿಯಾದದ್ದೇ ಆಗಿತ್ತು: ಮತದಾನದ ಹಕ್ಕನ್ನೇ ತಡೆಹಿಡಿದವರಿಗೆ ಮತ ಕೊಡುವುದೇ? ಆದರೆ ಕಾಫಿ ತೋಟದ ಲೈನಿನಲ್ಲಿದ್ದವರಿಗೆ, ಹೊಸದಾಗಿ ಭೂಮಿಯ ಹಕ್ಕುಪತ್ರ ಕೈಗೆ ಬಂದ ಒಕ್ಕಲಿಗೆ, ಮಂಡಳಿಯ ಮುಂದೆ ಅರ್ಜಿ ಇನ್ನೂ ತೀರ್ಮಾನವಾಗದೆ ಕಾಯುತ್ತಿದ್ದವನಿಗೆ ಬೇರೊಂದು ಪ್ರಶ್ನೆ ಇತ್ತು: ಇವರು ಹೋದರೆ ಸಿಕ್ಕಿದ ಭೂಮಿ ಉಳಿದೀತೇ? ಪತ್ರಿಕೆಗೆ ಸೆನ್ಸಾರ್ ಬಂದದ್ದು ಪತ್ರಿಕೆ ಓದಲು ಬಾರದವನಿಗೆ ತಟ್ಟಿರಲಿಲ್ಲ. ಹಾಗೆಂದು ಅವನಿಗೆ ಸ್ವಾತಂತ್ರ್ಯದ ಅರಿವಿರಲಿಲ್ಲ ಎನ್ನುವುದು ತಪ್ಪು. ಧಣಿ ಎಬ್ಬಿಸುತ್ತಾನೆಂಬ ಭಯವಿಲ್ಲದೆ ಮಲಗುವುದೇ ಅವನು ಕಂಡ ಸ್ವಾತಂತ್ರ್ಯ. ಜೈಲಿನಲ್ಲಿದ್ದು ಬಂದವನಿಗೆ ಸ್ವಾತಂತ್ರ್ಯದ ಅರ್ಥ ಇನ್ನೊಂದು. ಎರಡೂ ಸತ್ಯ, ಎರಡೂ ಒಂದೇ ಮತಪೆಟ್ಟಿಗೆಗೆ ಬಿದ್ದವು.

ನವೆಂಬರಿನ ಮೊದಲ ವಾರ ಮತದಾನವಾಯಿತು. ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ರಾಯ್‌ಬರೇಲಿಯಲ್ಲಿ ಸೋತ ಅಂತರಕ್ಕಿಂತ ಇದು ದೊಡ್ಡದು. ಕುದುರೆಮುಖಕ್ಕೆ ಹಣ ಕೊಡಬೇಕಾದ ಇರಾನಿನಲ್ಲಿ ಅದೇ ದಿನಗಳಲ್ಲಿ ಶಾ ವಿರುದ್ಧ ಜನ ಬೀದಿಗಿಳಿದಿದ್ದರು. ಕೆಲವೇ ತಿಂಗಳಲ್ಲಿ ಆ ಸರಕಾರ ಬಿದ್ದು, ಅದಿರು ಕೊಳ್ಳುವವರೇ ಇಲ್ಲವಾದರು. ಗಣಿ ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿಕೊಂಡು ಬದುಕಬೇಕಾಯಿತು.

ಗೆದ್ದ ಮೇಲೆ

ಚಿಕ್ಕಮಗಳೂರಿನ ಸಂಸದೆಯಾಗಿ ಅವರು ಉಳಿದದ್ದು ಸುಮಾರು ಆರು ವಾರ ಮಾತ್ರ. ಸಂಜಯ್ ಅವರ ಮಾರುತಿ ಕಂಪನಿಯ ಬಗ್ಗೆ ಲೋಕಸಭೆಗೆ ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಪ್ರಧಾನಿಯಾಗಿದ್ದಾಗ ತೊಂದರೆ ಕೊಟ್ಟರೆಂಬ ಆರೋಪದ ಮೇಲೆ, ಹಕ್ಕುಚ್ಯುತಿಗಾಗಿ, ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಸದಸ್ಯತ್ವದಿಂದ ಉಚ್ಚಾಟಿಸಿತು. ಅಧಿವೇಶನ ಮುಗಿಯುವವರೆಗೆ ಒಂದು ವಾರ ತಿಹಾರ್ ಜೈಲಿಗೂ ಕಳಿಸಿತು. ಆಗ ಸ್ಪೀಕರ್ ಪೀಠದಲ್ಲಿದ್ದವರು ಕೆ. ಎಸ್. ಹೆಗ್ಡೆ. ಅವರ ಹುಟ್ಟೂರಿನ ಮತದಾರರೂ ಸೇರಿ ಆರಿಸಿ ಕಳಿಸಿದ್ದ ಸದಸ್ಯೆಯನ್ನೇ ಸದನ ಹೊರಕಳಿಸಿತ್ತು. ಜನರು ಆರಿಸಿದವರನ್ನು ಸದನ ಬಹುಮತದ ಬಲದಿಂದ ತೆಗೆಯಬಹುದೇ ಎಂಬ ಪ್ರಶ್ನೆ ಆಗ ಎದ್ದಿತು. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದುಮಾಡಿತು.

1979ರಲ್ಲಿ ಅರಸುಗೂ ಇಂದಿರಾಗೂ ಮುರಿದುಬಿತ್ತು. 1980ರ ಜನವರಿಯ ಚುನಾವಣೆಯಲ್ಲಿ ಕರ್ನಾಟಕದ ಜನ ಅರಸು ಅವರನ್ನು ಬಿಟ್ಟು ಇಂದಿರಾ ಅವರ ಕೈ ಹಿಡಿದರು, 28ರಲ್ಲಿ 27 ಸ್ಥಾನ ಅವರ ಪಕ್ಷಕ್ಕೆ. ಭೂಮಸೂದೆ ತಂದ ಅರಸು 1982ರಲ್ಲಿ ಅಧಿಕಾರವಿಲ್ಲದೆ ತೀರಿಕೊಂಡರು. ಇಂದಿರಾ ಚಿಕ್ಕಮಗಳೂರಿಗೆ ಮರಳಲಿಲ್ಲ. ರಾಯ್‌ಬರೇಲಿ ಮತ್ತು ಆಂಧ್ರದ ಮೇದಕ್ ಎರಡರಲ್ಲೂ ಗೆದ್ದು ಮೇದಕ್ ಉಳಿಸಿಕೊಂಡರು. ಕಷ್ಟಕಾಲದಲ್ಲಿ ಕೈಹಿಡಿದ ಕ್ಷೇತ್ರಕ್ಕೆ ಪ್ರಧಾನಿಯ ಕ್ಷೇತ್ರವೆನ್ನಿಸಿಕೊಳ್ಳುವ ಭಾಗ್ಯ ಸಿಗಲಿಲ್ಲ.

ಮರಳಿ ಬಂದ ಅಧಿಕಾರ ನೆಮ್ಮದಿ ಕೊಡಲಿಲ್ಲ. 1980ರ ಜೂನ್‌ನಲ್ಲಿ ಸಂಜಯ್ ವಿಮಾನ ಅಪಘಾತದಲ್ಲಿ ಸತ್ತರು. 1983ರ ಜನವರಿಯಲ್ಲಿ ಅವರ ಭದ್ರಕೋಟೆಯೆನಿಸಿದ್ದ ಕರ್ನಾಟಕದಲ್ಲೇ ಕಾಂಗ್ರೆಸ್ ಸೋತು, ರಾಮಕೃಷ್ಣ ಹೆಗಡೆಯವರ ಮುಂದಾಳತ್ವದಲ್ಲಿ ಮೊದಲ ಕಾಂಗ್ರೆಸ್ಸೇತರ ಸರಕಾರ ಬಂತು. ಪಂಜಾಬಿನ ಸಮಸ್ಯೆ ಕೈಮೀರಿತು. 1984ರ ಜೂನ್‌ನಲ್ಲಿ ಅಮೃತಸರದ ಸ್ವರ್ಣ ಮಂದಿರಕ್ಕೆ ಸೇನೆಯನ್ನು ಕಳಿಸಿದರು. ಅಕ್ಟೋಬರ್ 31ರ ಬೆಳಿಗ್ಗೆ ದೆಹಲಿಯ ತಮ್ಮ ಮನೆಯ ಆವರಣದಲ್ಲೇ ಇಬ್ಬರು ಅಂಗರಕ್ಷಕರ ಗುಂಡಿಗೆ ಬಲಿಯಾದರು. ಅದರ ಬೆನ್ನಿಗೆ ದೆಹಲಿ ಮುಂತಾದೆಡೆ ಸಾವಿರಾರು ಸಿಖ್ಖರ ಕೊಲೆಯಾಯಿತು.

ಉಳಿದದ್ದು

ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಭದ್ರಾ, ತುಂಗಾ, ನೇತ್ರಾವತಿ ಹುಟ್ಟುವ ಸೀಮೆಯ ಕಾಡು ಈಗ ರಾಷ್ಟ್ರೀಯ ಉದ್ಯಾನ. ಕೆಲಸಗಾರರ ಊರು ಬರಿದಾಯಿತು. ಚಿಕ್ಕಮಗಳೂರು ಹೆಸರಿನ ಆ ಹಳೆಯ ಲೋಕಸಭಾ ಕ್ಷೇತ್ರವೂ 2008ರ ಮರುವಿಂಗಡಣೆಯಲ್ಲಿ ಒಡೆಯಿತು. ಕಾರ್ಕಳ ಉಡುಪಿ-ಚಿಕ್ಕಮಗಳೂರಿಗೆ ಹೋಯಿತು, ಬೆಳ್ತಂಗಡಿ ನಮ್ಮ ಸುಳ್ಯ, ಪುತ್ತೂರಿನ ಜತೆ ದಕ್ಷಿಣ ಕನ್ನಡಕ್ಕೆ ಬಂತು. ಅಂದು ಇಂದಿರಾ ಪರವಾಗಿಯೋ ವಿರುದ್ಧವಾಗಿಯೋ ಮತ ಹಾಕಿದ ಆ ಕಡೆಯ ಅಜ್ಜ ಅಜ್ಜಿಯರು ಈಗ ನಮ್ಮೊಂದಿಗೆ ಒಂದೇ ಕ್ಷೇತ್ರದ ಮತದಾರರು. ಗೇಣಿಯಿಂದ ಬಿಡುಗಡೆಯಾದ ಭೂಮಿ ಮಾತ್ರ ಅಲ್ಲೇ ಇದೆ, ಮಕ್ಕಳ, ಮೊಮ್ಮಕ್ಕಳ ಕಾಲಕ್ಕೆ ಪಾಲಾಗುತ್ತಾ ಸಣ್ಣದಾಗುತ್ತಿದೆ.

ಇಂದಿರಾ ಅವರನ್ನು ದೇವಿಯೆಂದು ಪೂಜಿಸಿದವರೂ ಸರ್ವಾಧಿಕಾರಿಯೆಂದು ಶಪಿಸಿದವರೂ ನಮ್ಮ ನಡುವೆ ಇದ್ದಾರೆ. ಅವರ ಬದುಕಿನ ಒಂದು ತುಂಡನ್ನು ಮಾತ್ರ ಹಿಡಿದರೆ ಎರಡೂ ಸರಿಯೆಂದೇ ಕಾಣುತ್ತದೆ. ಇಡಿಯಾಗಿ ನೋಡಿದರೆ ತಿಳಿಯುವುದು ಇಷ್ಟು: ಅಷ್ಟು ಬಲಶಾಲಿಯಾದ ನಾಯಕಿಯನ್ನು ಕೆಳಗಿಳಿಸಿದ್ದೂ, ಎಬ್ಬಿಸಿ ನಿಲ್ಲಿಸಿದ್ದೂ, ಮತ್ತೆ ಅವರ ಪಕ್ಷವನ್ನು ಸೋಲಿಸಿದ್ದೂ ಬೆರಳಿಗೆ ಹಚ್ಚಿದ ಮೈಸೂರಿನ ಶಾಯಿಯೇ. ರಾಯ್‌ಬರೇಲಿಯ ರೈತ ಶಿಕ್ಷೆ ಕೊಟ್ಟ, ಬೆಳ್ತಂಗಡಿಯ ಒಕ್ಕಲು ಋಣ ತೀರಿಸಿದ. ಇಬ್ಬರಲ್ಲಿ ಯಾರೂ ದಡ್ಡರಲ್ಲ; ತಮ್ಮ ತಮ್ಮ ಬಾಳಿನಲ್ಲಿ ಕಂಡದ್ದನ್ನು ತೂಗಿ ನೋಡಿ ಮುದ್ರೆ ಒತ್ತಿದವರು. ಅಂದು ಮತ ಹಾಕಲು ಇಪ್ಪತ್ತೊಂದು ತುಂಬಬೇಕಿತ್ತು, ಈಗ ಹದಿನೆಂಟು ಸಾಕು. ನಮ್ಮ ಶಾಲೆಯ ಹತ್ತನೇ ತರಗತಿ ಮುಗಿಸಿದ ಮಕ್ಕಳು ಎರಡು ಮೂರು ವರ್ಷದಲ್ಲೇ ಮತದಾರರು. ನಮಗೆ ಏನು ಸಿಕ್ಕಿತು ಎಂದು ಕೇಳುವುದು ಅವರ ಹಕ್ಕು. ನಮಗೆ ಸಿಗುವಾಗ ಇನ್ನೊಬ್ಬರಿಂದ ಏನು ಕಿತ್ತುಕೊಳ್ಳಲಾಯಿತು ಎಂದು ಕೇಳುವುದು ಅವರ ಕರ್ತವ್ಯ. ಎರಡನ್ನೂ ಕೇಳುವ ಮತದಾರರು ನಮ್ಮ ಶಾಲೆಯಿಂದ ಹೊರಬರುತ್ತಲೇ ಇರಲಿ.